ಹಳೆಯ ಬ್ರೋಚನ್ನು ಮೊದಲು ಮಗುಚಿ ನೋಡಿ

ಹಳೆಯ ಬ್ರೋಚ್, ಅಂದರೆ ಸೂಜಿಯಿಂದ ಬಟ್ಟೆಗೆ ಚುಚ್ಚಿಕೊಳ್ಳುವ ಒಡವೆ, ಕೊಳ್ಳಲು ಹೊರಟವರು ಸಾಮಾನ್ಯವಾಗಿ ಅದರ ಮುಖಕ್ಕೆ ಮರುಳಾಗುತ್ತಾರೆ. ಹರಳಿನ ಹೊಳಪು, ಎಲೆಯ ಬಳುಕು, ಹಕ್ಕಿಯ ರೆಕ್ಕೆಗೆ ತುಂಬಿದ ಎನಾಮಲ್ ಬಣ್ಣ ಇವೆಲ್ಲ ಕೂಡಲೇ ಕಣ್ಣಿಗೆ ಬೀಳುತ್ತವೆ. ಆದರೆ ಅದು ಯಾವ ಕಾಲದ್ದು, ಯಾವ ಲೋಹದ್ದು, ನಡುವೆ ಎಲ್ಲಾದರೂ ಮುರಿದು ಬೆಸುಗೆ ಕಂಡಿದೆಯೇ, ಬಟ್ಟೆಯ ಮೇಲೆ ನೆಟ್ಟಗೆ ನಿಂತೀತೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಅದರ ಬೆನ್ನಿನಲ್ಲಿ. ಆದ್ದರಿಂದ ಕೈಗೆ ಬಂದ ಬ್ರೋಚನ್ನು ಮೊದಲು ಮಗುಚಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಬೆಲೆಯ ಮಾತು ಆಮೇಲೆ.

ಇಲ್ಲಿ ಹಳೆಯದು ಎಂದು ಕರೆದಿರುವುದು ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ 1837ರಿಂದ ಹಿಡಿದು ಸುಮಾರು 1960ರ ದಶಕದವರೆಗಿನ ಒಡವೆಗಳನ್ನು. ಇವುಗಳಲ್ಲಿ ಬಹುಪಾಲು ಬ್ರಿಟನ್, ಯುರೋಪು ಮತ್ತು ಅಮೆರಿಕದಲ್ಲಿ ತಯಾರಾದವು. ಆ ಕಾಲದ ಬಿಳಿಯರ ಬೇಡಿಕೆಗೆ ತಕ್ಕಂತೆ ನಮ್ಮ ದೇಶದ ಕುಶಲಕರ್ಮಿಗಳು ಮಾಡಿದ ಬ್ರೋಚ್‌ಗಳ ವಿಚಾರವೂ ಮುಂದೆ ಬರುತ್ತದೆ.

ಸೂಜಿ, ಕೀಲು, ಕೊಕ್ಕೆ

ಬ್ರೋಚಿನ ಬೆನ್ನಿನಲ್ಲಿ ಗಮನಿಸಬೇಕಾದ ಭಾಗಗಳು ಮೂರು: ಬಟ್ಟೆಯನ್ನು ಚುಚ್ಚುವ ಸೂಜಿ, ಅದು ತಿರುಗುವ ಕೀಲು, ಸೂಜಿಯ ತುದಿಯನ್ನು ಹಿಡಿದಿಡುವ ಕೊಕ್ಕೆ. ಹತ್ತೊಂಬತ್ತನೆಯ ಶತಮಾನದ ಬಹುತೇಕ ಬ್ರೋಚ್‌ಗಳಲ್ಲಿ ಕೊಕ್ಕೆ ಎಂದರೆ ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿಸಿದ ಒಂದು ತುಂಡು ಲೋಹ, ಅಷ್ಟೇ. ಅದಕ್ಕೆ ಬೀಗದಂಥ ಏರ್ಪಾಡು ಯಾವುದೂ ಇರಲಿಲ್ಲವಾದ್ದರಿಂದ ಸೂಜಿಯನ್ನು ಒಡವೆಯ ಅಂಚು ದಾಟುವಷ್ಟು ಉದ್ದ ಬಿಡುತ್ತಿದ್ದರು, ಮತ್ತು ಧರಿಸುವವರು ಹೊರಗೆ ಉಳಿದ ಆ ತುದಿಯನ್ನು ಇನ್ನೊಮ್ಮೆ ಬಟ್ಟೆಯೊಳಗೆ ತೂರಿಸಿ ಭದ್ರ ಮಾಡಿಕೊಳ್ಳುತ್ತಿದ್ದರು. ಕೀಲು ಕೂಡ ಸಣ್ಣ ಕೊಳವೆಯ ತುಂಡುಗಳನ್ನು ಸಾಲಾಗಿ ಬೆಸೆದು, ನಡುವೆ ತಂತಿ ತೂರಿಸಿ ಮಾಡಿದ್ದಾಗಿರುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಯುರೋಪಿನ ಒಡವೆಗಳಲ್ಲಿ ಟ್ರಾಂಬೋನ್ ಕೊಕ್ಕೆ ಹೆಚ್ಚಾಗಿ ಕಾಣಸಿಗುತ್ತದೆ. ಅದರಲ್ಲಿ ಒಂದು ಚಿಕ್ಕ ಕೊಳವೆಯನ್ನು ಹೊರಕ್ಕೆ ಎಳೆದು, ಸೂಜಿಯ ತುದಿಯನ್ನು ಇರಿಸಿ, ಮತ್ತೆ ಒಳಕ್ಕೆ ತಳ್ಳಬೇಕು. ಇಂದು ನಾವೆಲ್ಲ ಬಲ್ಲ, ಬೆರಳಿನಿಂದ ತಿರುಗಿಸಿ ಮುಚ್ಚುವ ಸುರಕ್ಷಾ ಕೊಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದು, ಮುಂದಿನ ಎರಡು ಮೂರು ದಶಕಗಳಲ್ಲಿ ಎಲ್ಲೆಡೆ ಹರಡಿತು. ಹಾಗಾಗಿ ‘ವಿಕ್ಟೋರಿಯಾ ಕಾಲದ್ದು’ ಎಂದು ಮಾರುವವರು ಹೇಳಿದ ಬ್ರೋಚಿಗೆ ತಿರುಗಿಸುವ ಕೊಕ್ಕೆ ಇದ್ದರೆ, ಒಂದೋ ಆ ಮಾತು ಸುಳ್ಳು, ಇಲ್ಲವೇ ಕೊಕ್ಕೆ ಬದಲಾಗಿದೆ. ಬದಲಾಗಿದ್ದರೆ ಅದರ ಬುಡದಲ್ಲಿ ಬೆಳ್ಳಗಿನ ಸೀಸದ ಬೆಸುಗೆ ಗುಡ್ಡೆಯಾಗಿ ನಿಂತಿರುತ್ತದೆ, ಅಥವಾ ಸ್ವಲ್ಪ ಪಕ್ಕದಲ್ಲಿ ಹಳೆಯ ಕೊಕ್ಕೆಯಿದ್ದ ಜಾಗದ ಗುರುತು ಉಳಿದಿರುತ್ತದೆ.

ಕೊಕ್ಕೆಯೊಂದನ್ನೇ ನಂಬಿ ಕಾಲ ಹೇಳುವುದೂ ತಪ್ಪು ದಾರಿ. 1920 ಮತ್ತು 30ರ ದಶಕಗಳಲ್ಲಿ ಚೆಕೊಸ್ಲೊವಾಕಿಯಾದ ಯಾಬ್ಲೊನೆಟ್ಸ್ ಸುತ್ತಿನ ಕಾರ್ಖಾನೆಗಳಿಂದ ಬಂದ ಹಿತ್ತಾಳೆಯ ಬ್ರೋಚ್ ಒಂದನ್ನು ತೆಗೆದುಕೊಳ್ಳೋಣ. ಮುಂದೆ ನೇರಳೆ ಬಣ್ಣದ ದೊಡ್ಡ ಗಾಜಿನ ಹರಳು, ಸುತ್ತಲೂ ಜಾಲರಿಯಂಥ ಕೆಲಸ. ಮಗುಚಿದರೆ ಆ ಜಾಲರಿ ತಂತಿಯಿಂದ ಹೆಣೆದದ್ದಲ್ಲ, ತೆಳು ತಗಡನ್ನು ಅಚ್ಚಿನಲ್ಲಿ ಒತ್ತಿ ತೆಗೆದದ್ದು ಎಂಬುದು ತಿಳಿಯುತ್ತದೆ. ಒಂದರ ಮೇಲೊಂದು ಕೂರಿಸಿದ ತಗಡುಗಳ ಅಂಚು ಮಡಚಿರುವುದೂ ಕಾಣುತ್ತದೆ. ಕೊಕ್ಕೆ ಮಾತ್ರ ಹಳೆಯ ‘ಸಿ’ ಆಕಾರದ್ದೇ. ಇಷ್ಟನ್ನು ನೋಡಿ 1880 ಎಂದು ಬರೆದುಕೊಳ್ಳುವವರುಂಟು. ಆದರೆ ಕೊಕ್ಕೆಯ ಪಕ್ಕದಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಓದಲು ಬರುವಷ್ಟು ಸಣ್ಣದಾಗಿ ಚೆಕೊಸ್ಲೊವಾಕಿಯಾ ಎಂಬ ಮುದ್ರೆ ಇರುತ್ತದೆ, ಮತ್ತು ಆ ಹೆಸರಿನ ದೇಶ ಹುಟ್ಟಿದ್ದೇ 1918ರಲ್ಲಿ. ಒಂದು ಗುರುತು ಹೇಳಿದ್ದನ್ನು ಇನ್ನೊಂದು ಗುರುತಿನಿಂದ ತಾಳೆ ನೋಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಬೇಕು.

ಮುದ್ರೆಗಳನ್ನು ಓದುವುದು

ಬ್ರಿಟನ್ನಿನ ಬೆಳ್ಳಿ ಬ್ರೋಚ್ ಹೊಸಬರಿಗೆ ಒಳ್ಳೆಯ ಪಾಠಶಾಲೆ, ಏಕೆಂದರೆ ಅದರ ವಯಸ್ಸು ಬೆನ್ನ ಮೇಲೆಯೇ ಒತ್ತಿರುತ್ತದೆ. ನಡೆಯುತ್ತಿರುವ ಸಿಂಹದ ಚಿತ್ರವಿದ್ದರೆ ಸಾವಿರಕ್ಕೆ 925 ಭಾಗ ಶುದ್ಧ ಬೆಳ್ಳಿ ಎಂದರ್ಥ. ಲಂಗರಿನ ಚಿತ್ರ ಬರ್ಮಿಂಗ್‌ಹ್ಯಾಮಿನ ಲೋಹ ಪರೀಕ್ಷಾ ಕಚೇರಿಯದು, ಚಿರತೆಯ ತಲೆ ಲಂಡನ್ನಿನದು, ಮೂರು ಗೋಧಿ ಕಟ್ಟುಗಳ ನಡುವಿನ ಕತ್ತಿ 1962ರಲ್ಲಿ ಮುಚ್ಚಿಹೋದ ಚೆಸ್ಟರ್ ಕಚೇರಿಯದು. ಇವುಗಳ ಜೊತೆಗೆ ವರ್ಷವರ್ಷವೂ ಬದಲಾಗುವ ಒಂದು ಅಕ್ಷರವಿರುತ್ತದೆ. ಅಕ್ಷರದ ಶೈಲಿ ಮತ್ತು ಅದರ ಸುತ್ತಲಿನ ಚೌಕಟ್ಟಿನ ಆಕಾರವನ್ನು ಆಯಾ ಊರಿನ ಪಟ್ಟಿಯೊಂದಿಗೆ ಹೋಲಿಸಿದರೆ ವರ್ಷ ಸಿಗುತ್ತದೆ. ಚಿನ್ನದಲ್ಲಿ ‘15’ ಎಂಬ ಕ್ಯಾರಟ್ ಗುರುತು ಕಂಡರೆ ಸಂತೋಷಪಡಬಹುದು, ಏಕೆಂದರೆ ಬ್ರಿಟನ್ನಿನಲ್ಲಿ ಆ ದರ್ಜೆ ಚಾಲ್ತಿಯಲ್ಲಿದ್ದುದು 1854ರಿಂದ 1932ರವರೆಗೆ ಮಾತ್ರ. ನಮ್ಮ ಇಪ್ಪತ್ತೆರಡು ಕ್ಯಾರಟ್ಟಿನ ಕಣ್ಣಿಗೆ ಹದಿನೈದು ಅಥವಾ ಒಂಬತ್ತು ಕ್ಯಾರಟ್ ಕಳಪೆ ಎನಿಸುತ್ತದೆ. ಆದರೆ ಸೂಜಿ ಮತ್ತು ಕೊಕ್ಕೆಗೆ ಬೇಕಾದ ಗಡಸುತನ ಬರುವುದು ಆ ಬೆರಕೆಯಿಂದಲೇ.

ಅಮೆರಿಕದ ಫ್ಯಾಷನ್ ಒಡವೆಗಳಿಗೆ ಇಂಥ ಸರ್ಕಾರಿ ಮುದ್ರೆಗಳಿಲ್ಲವಾದರೂ ಇತಿಹಾಸವೇ ಕೆಲವು ಗುರುತುಗಳನ್ನು ಬಿಟ್ಟುಹೋಗಿದೆ. ಎರಡನೆಯ ಮಹಾಯುದ್ಧದಲ್ಲಿ ತವರ ಮುಂತಾದ ಲೋಹಗಳನ್ನು ಸೇನೆಯ ಕೆಲಸಕ್ಕೆ ಮೀಸಲಿಟ್ಟ ಕಾರಣ 1942ರ ನಂತರ ಅಲ್ಲಿನ ತಯಾರಕರು ಬೆಳ್ಳಿಗೆ ಚಿನ್ನದ ಗಿಲೀಟು ಕೊಟ್ಟು ಬ್ರೋಚ್ ಮಾಡಿದರು. ಗಾಜಿನ ಹರಳಿನ ಒಡವೆಯ ಹಿಂದೆ ‘ಸ್ಟರ್ಲಿಂಗ್’, ಅಂದರೆ 925 ದರ್ಜೆಯ ಬೆಳ್ಳಿ, ಎಂಬ ಮುದ್ರೆ ಇದ್ದರೆ ಅದು ಆ ವರ್ಷಗಳದ್ದಿರುವ ಸಾಧ್ಯತೆ ಹೆಚ್ಚು. 1955ರಲ್ಲಿ ಟ್ರಿಫಾರಿ ಕಂಪನಿ ನ್ಯಾಯಾಲಯದಲ್ಲಿ ಗೆದ್ದು, ಫ್ಯಾಷನ್ ಒಡವೆಯ ವಿನ್ಯಾಸಕ್ಕೂ ಹಕ್ಕುಸ್ವಾಮ್ಯ ಸಲ್ಲುತ್ತದೆ ಎಂಬುದನ್ನು ಖಚಿತಪಡಿಸಿತು; ವೃತ್ತದೊಳಗಿನ ‘ಸಿ’ ಅಕ್ಷರ ಒಡವೆಗಳ ಹಿಂದೆ ಸಾಮಾನ್ಯವಾದದ್ದು ಅಲ್ಲಿಂದ ಮುಂದೆ. ಹರಳಿನ ಮೇಲೆ ಎಣ್ಣೆಯ ಪದರದಂತೆ ಏಳು ಬಣ್ಣ ಓಡಾಡುವ ಲೇಪನವೂ 1950ರ ದಶಕದ ಮಧ್ಯದಲ್ಲಿ ಆಸ್ಟ್ರಿಯಾದ ಹರಳು ತಯಾರಕ ಸ್ವರೋವ್‌ಸ್ಕಿಯಿಂದ ಬಂದದ್ದು. ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949ರಿಂದ 1990ರ ನಡುವಿನದು.

ಹೆಸರಿನ ಮುದ್ರೆಯ ಬೆನ್ನು ಹತ್ತುವುದರ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಟ್ರಿಫಾರಿ, ಕೋರೋ, ಐಸೆನ್‌ಬರ್ಗ್ ಎಂಬ ಹೆಸರು ಕಂಡೊಡನೆ ಬೆಲೆ ಏರುತ್ತದೆ. ಆದರೆ ಮಿರಿಯಂ ಹಾಸ್ಕೆಲ್ ಸಂಸ್ಥೆಯ ಆರಂಭದ ವರ್ಷಗಳ ಒಡವೆಗಳಿಗೆ ಮುದ್ರೆಯೇ ಇರಲಿಲ್ಲ, ಆದರೂ ಅವುಗಳ ಮುತ್ತಿನ ಕೆಲಸಕ್ಕೆ ಇವತ್ತಿಗೂ ಬೇಡಿಕೆಯಿದೆ. ಹರಳುಗಳನ್ನು ಅಂಟಿನಿಂದ ಕೂರಿಸಿದ್ದಾರೆಯೋ ಅಥವಾ ಲೋಹದ ಹಲ್ಲುಗಳಿಂದ ಹಿಡಿಸಿದ್ದಾರೆಯೋ, ಬೆನ್ನನ್ನೂ ಅರದಿಂದ ನಯಗೊಳಿಸಿದ್ದಾರೆಯೋ ಇಲ್ಲವೋ ಎಂಬುದು ಹೆಸರಿಗಿಂತ ಹೆಚ್ಚು ನಂಬಬಹುದಾದ ಸಾಕ್ಷಿ. ಯಾರ ಕಣ್ಣಿಗೂ ಬೀಳದ ಬೆನ್ನನ್ನು ನಯವಾಗಿ ಮುಗಿಸಿದವರು ಮುಖದ ಕೆಲಸದಲ್ಲಿ ಮೋಸ ಮಾಡಿರುವುದು ಅಪರೂಪ.

ವಸ್ತುವಿನ ಪರೀಕ್ಷೆ, ಕಾನೂನಿನ ಎಚ್ಚರ

1861ರಲ್ಲಿ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ಬದುಕಿನುದ್ದಕ್ಕೂ ಶೋಕದ ಉಡುಗೆಯನ್ನೇ ತೊಟ್ಟ ಕಾರಣ ಕಪ್ಪು ಬ್ರೋಚ್‌ಗಳಿಗೆ ವಿಪರೀತ ಬೇಡಿಕೆ ಬಂತು. ಅವಕ್ಕೆ ಬಳಸಿದ ನಿಜವಾದ ಜೆಟ್ ಎಂಬುದು ಯಾರ್ಕ್‌ಷೈರಿನ ವಿಟ್ಬಿ ಕರಾವಳಿಯಲ್ಲಿ ಸಿಗುವ, ಮರವೇ ಕಲ್ಲಾದ ವಸ್ತು. ಅದು ಕೈಯಲ್ಲಿ ಹಗುರ, ಮುಟ್ಟಿದರೆ ತಣ್ಣಗಿರುವುದಿಲ್ಲ, ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಕಂದು ಗೆರೆ ಬೀಳುತ್ತದೆ. ಫ್ರೆಂಚ್ ಜೆಟ್ ಎಂದು ಮಾರುವುದು ಕಪ್ಪು ಗಾಜನ್ನು. ಅದು ಭಾರ ಮತ್ತು ತಣ್ಣಗೆ. ಶಂಖಚಿಪ್ಪಿನಲ್ಲಿ ಕೆತ್ತಿದ ಮುಖಚಿತ್ರದ ಬ್ರೋಚನ್ನು, ಅಂದರೆ ಕ್ಯಾಮಿಯೊವನ್ನು, ದೀಪಕ್ಕೆ ಎದುರಾಗಿ ಹಿಡಿದರೆ ಬೆಳಕು ಹಾಯುತ್ತದೆ. ಕೂದಲೆಳೆಯಂಥ ಬಿರುಕುಗಳು ಆಗ ಬಯಲಾಗುತ್ತವೆ. ಮೂಗು, ಗಲ್ಲದ ಬಳಿ ಉಳಿಯ ಗೆರೆಗಳಿಲ್ಲದೆ ಎಲ್ಲವೂ ದುಂಡಗೆ ನುಣ್ಣಗಿದ್ದು, ನಡುವೆ ಗಾಳಿಗುಳ್ಳೆ ಕಂಡರೆ ಅದು ಅಚ್ಚಿಗೆ ಸುರಿದ ಪ್ಲಾಸ್ಟಿಕ್.

1907ರಲ್ಲಿ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟ್ ಎಂಬ ಪ್ಲಾಸ್ಟಿಕ್ಕಿಗೆ ಸಂಗ್ರಾಹಕರಲ್ಲಿ ಬಹಳ ಗೌರವವಿದೆ. ಬಿಸಿನೀರಿನ ನಲ್ಲಿಯ ಕೆಳಗೆ ಕೆಲವು ಕ್ಷಣ ಅಂಚನ್ನು ಹಿಡಿದು ಮೂಸಿದರೆ ಆಸ್ಪತ್ರೆಯ ಫಾರ್ಮಲಿನ್ನಿನಂಥ ಘಾಟು ಬರುತ್ತದೆ. ಕಾಯಿಸಿದ ಸೂಜಿಯನ್ನು ಚುಚ್ಚಿ ನೋಡುವ ಹಳೆಯ ಪರೀಕ್ಷೆಯನ್ನು ಮಾತ್ರ ಯಾರೂ ಮಾಡಬಾರದು. ಒಡವೆಗೆ ತೂತು ಬೀಳುವುದಲ್ಲದೆ, ಅದು ಸೆಲ್ಯುಲಾಯ್ಡ್ ಎಂಬ ಇನ್ನೊಂದು ಹಳೆಯ ಪ್ಲಾಸ್ಟಿಕ್ ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಭಾರತದ ಕೆಲಸಗಳಲ್ಲಿ ರಾಜಸ್ಥಾನದ ಪ್ರತಾಪಗಢದ ಥೇವಾ, ಅಂದರೆ ಹಸಿರು ಅಥವಾ ಕೆಂಪು ಗಾಜಿನ ಮೇಲೆ ಚಿನ್ನದ ತೆಳು ತಗಡಿನ ಚಿತ್ರವನ್ನು ಕೂರಿಸಿದ ಬ್ರೋಚ್‌ಗಳು, ಮತ್ತು ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಎಂಬ ಒಡವೆ ಅಂಗಡಿ ಹೆಸರಾದ, ದೇವತೆಗಳ ಚಿತ್ರಗಳುಳ್ಳ ಸ್ವಾಮಿ ಶೈಲಿಯ ಒಡವೆಗಳು ಹುಡುಕಿ ಕೊಳ್ಳಲು ಯೋಗ್ಯವಾದವು. ಆದರೆ ಅದೇ ಕಾಲದಲ್ಲಿ ಹುಲಿ ಉಗುರಿಗೆ ಚಿನ್ನದ ಕಟ್ಟು ಹಾಕಿಸಿದ ಬ್ರೋಚ್‌ಗಳೂ, ದಂತ ಮತ್ತು ಆಮೆಚಿಪ್ಪಿನ ಬ್ರೋಚ್‌ಗಳೂ ದಂಡಿಯಾಗಿ ತಯಾರಾದವು. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದೇ ಆದರೂ ಹುಲಿ ಉಗುರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಹುಲಿ ಉಗುರಿನ ಪದಕ ಧರಿಸಿ ಟಿ.ವಿ. ಕಾರ್ಯಕ್ರಮದಲ್ಲಿ ಕಾಣಿಸಿಕೊಂಡವರೊಬ್ಬರ ಬಂಧನವಾದ ಬಳಿಕ ಈ ವಿಷಯ ಕನ್ನಡಿಗರಿಗೆ ಹೊಸದೇನಲ್ಲ. ಇಂಥವನ್ನು ಕೊಳ್ಳುವುದೂ ಬೇಡ, ಮಾರುವುದೂ ಬೇಡ. ಮನೆಯಲ್ಲಿ ಈಗಾಗಲೇ ಇದ್ದರೆ ಅರಣ್ಯ ಇಲಾಖೆಯನ್ನು ಕೇಳಿ ಮುಂದುವರಿಯಬೇಕು.

ಎಲ್ಲಿಂದ ಆರಂಭಿಸಬೇಕು

ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಶನಿವಾರದ ಪೋರ್ಟೊಬೆಲೊ ರಸ್ತೆ ಮತ್ತು ಶುಕ್ರವಾರ ಬೆಳಗಿನ ಬರ್ಮಂಡ್ಸಿ ಸಂತೆ ಕೈಗೆಟಕುವಂತಿವೆ. ಇಲ್ಲಿರುವವರು ಹೆಚ್ಚಾಗಿ ಆನ್‌ಲೈನ್ ಮಾರಾಟಗಾರರನ್ನು ಅವಲಂಬಿಸಬೇಕಾಗುತ್ತದೆ. ಆಗ ಹಿಂಬದಿಯ ಚಿತ್ರ, ಕೊಕ್ಕೆ ತೆರೆದ ಚಿತ್ರ ಮತ್ತು ಗ್ರಾಮಿನಲ್ಲಿ ತೂಕ ಈ ಮೂರನ್ನೂ ಕೇಳಿ ತರಿಸಿಕೊಳ್ಳದೆ ಹಣ ಕಳಿಸಬಾರದು. ಸುಂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆಯ ಒಡವೆ ಅಂಗಡಿಗಳಿಗೆ ಹಳೆಯ ಬ್ರೋಚ್ ಒಯ್ದರೆ ತೂಕದ ಬೆಲೆಯಷ್ಟೇ ಹೇಳುತ್ತಾರೆ. ಅದು ಅವರ ವ್ಯಾಪಾರದ ರೀತಿ, ನಿಮ್ಮ ಒಡವೆಯ ಬೆಲೆಯಲ್ಲ.

ಆರಂಭದಲ್ಲಿ ಒಂದೇ ಎಳೆಯನ್ನು ಹಿಡಿಯುವುದು ಒಳ್ಳೆಯದು. ಕೀಟಗಳ ಆಕಾರದವು, ಅಥವಾ ವಿಕ್ಟೋರಿಯಾ ರಾಣಿಯ ಕುಟುಂಬ 1852ರಲ್ಲಿ ಅಲ್ಲಿನ ಬಾಲ್ಮೋರಲ್ ಎಸ್ಟೇಟ್ ಕೊಂಡ ಮೇಲೆ ಫ್ಯಾಷನ್ ಆದ ಸ್ಕಾಟ್ಲೆಂಡಿನ ಅಗೇಟ್ ಕಲ್ಲಿನವು, ಅಥವಾ ನಾರ್ವೆಯ ಎನಾಮಲ್ ಬೆಳ್ಳಿಯವು, ಹೀಗೆ. ನನ್ನನ್ನು ಕೇಳಿದರೆ ಈ ಕೊನೆಯವನ್ನೇ ಸೂಚಿಸುತ್ತೇನೆ: ಬೆಳ್ಳಿಯ ಮುದ್ರೆ ಸ್ಪಷ್ಟವಾಗಿರುತ್ತದೆ, ಹಗುರವಾಗಿರುತ್ತವೆ, ಬಣ್ಣಗಳು ನಮ್ಮ ಸೀರೆಗಳಿಗೆ ಚೆನ್ನಾಗಿ ಹೊಂದುತ್ತವೆ. ಎನಾಮಲ್ ಚಕ್ಕೆ ಎದ್ದಿದ್ದರೆ ಮಾತ್ರ ಬಿಟ್ಟುಬಿಡಿ, ಅದನ್ನು ಸರಿಮಾಡುವವರು ಸಿಗುವುದು ಕಷ್ಟ.

ಸೀರೆ, ಶಾಲು, ಕೋಟಿನ ಮೇಲೆ

ಹಳೆಯ ಬ್ರೋಚ್‌ಗಳು ಹೆಚ್ಚಾಗಿ ಉಣ್ಣೆಯ ಕೋಟು ಮತ್ತು ಶಾಲಿಗಾಗಿ ಮಾಡಿದವು. ಅವುಗಳ ಸೂಜಿ ದಪ್ಪ, ತುದಿ ಮೊಂಡು, ಲೋಹ ಮೆದು. ಸೆರಗಿನ ಐದಾರು ನೆರಿಗೆಗಳನ್ನು ಒಟ್ಟಿಗೆ ಚುಚ್ಚಿ ರವಿಕೆಗೆ ಹಿಡಿಸಲು ಹೋದರೆ ಸೂಜಿ ಬಾಗುತ್ತದೆ, ರೇಷ್ಮೆಗೆ ತೂತು ಬೀಳುತ್ತದೆ, ನಿಮಿಷಗಳಲ್ಲಿ ಬ್ರೋಚ್ ಮುಂದಕ್ಕೆ ವಾಲುತ್ತದೆ. ಆದ್ದರಿಂದ ಭಾರ ಹೊರುವ ಕೆಲಸವನ್ನು ಸಾಧಾರಣ ಸೇಫ್ಟಿ ಪಿನ್ನಿಗೆ ಬಿಡಬೇಕು. ನೆರಿಗೆಗಳನ್ನು ಜೋಡಿಸಿ, ಪಿನ್ನಿನ ಸುರುಳಿಗೆ ಬಟ್ಟೆ ಸಿಕ್ಕಿಕೊಳ್ಳದಂತೆ ಮೊದಲು ಒಂದು ಚಿಕ್ಕ ಮಣಿಯನ್ನು ಪೋಣಿಸಿಕೊಂಡು, ಭುಜದ ಮೇಲೆ ರವಿಕೆಯ ಒಳಗಿನಿಂದ ಚುಚ್ಚಿ ಭದ್ರಪಡಿಸಿ. ಬ್ರೋಚನ್ನು ಅದರ ಮುಂದೆ, ಭುಜದ ಎಲುಬಿಗಿಂತ ಎರಡು ಬೆರಳು ಕೆಳಗೆ, ಮೇಲಿನ ಒಂದೆರಡು ನೆರಿಗೆಗಳಿಗೆ ಮಾತ್ರ ತೂರಿಸಿ. ಆ ನೆರಿಗೆಯ ಹಿಂದೆ ಸೀರೆಯ ಬಣ್ಣದ್ದೇ ಆದ ಫೆಲ್ಟ್ ಬಟ್ಟೆಯ ಪುಟ್ಟ ಚೂರನ್ನು ಇಟ್ಟು ಎರಡನ್ನೂ ಸೇರಿಸಿ ಚುಚ್ಚಿದರೆ ವಾಲುವುದು ನಿಲ್ಲುತ್ತದೆ. ಸೂಜಿ ಬಟ್ಟೆಯೊಳಗೆ ಒಂದೇ ಸಲ ಹೋಗಿ ಬರುವ ಬದಲು ಎರಡು ಸಲ ಒಳಗೆ ಹೊರಗೆ ಹೋಗಿ ಬಂದರೆ ಇನ್ನೂ ಗಟ್ಟಿ.

ಬಟ್ಟೆಯನ್ನು ನೋಡಿ ಬ್ರೋಚ್ ಆರಿಸಬೇಕು. ಇಳಕಲ್ ಸೀರೆಯ ಹತ್ತಿಯ ಒಡಲು ಮಧ್ಯಮ ತೂಕದ ಬ್ರೋಚನ್ನು ತಡೆಯುತ್ತದೆ. ಮೈಸೂರು ರೇಷ್ಮೆಯ ಕ್ರೇಪ್ ಜಾರುವ ಬಟ್ಟೆಯಾದ್ದರಿಂದ ಅದಕ್ಕೆ ತೆಳು ಸೂಜಿಯ ಚಿಕ್ಕ ಬ್ರೋಚೇ ಸರಿ. ಸೂಜಿ ತೆಗೆದ ಮೇಲೆ ಗುರುತು ಉಳಿದರೆ ಉಗುರಿನ ಬೆನ್ನಿನಿಂದ ಎಳೆಗಳನ್ನು ಮೆಲ್ಲಗೆ ಸವರಿ ಕೂಡಿಸಬಹುದು. ಜರಿಯ ಎಳೆ ಮುರಿದರೆ ಹಾಗೆ ಕೂಡುವುದಿಲ್ಲ, ಆದ್ದರಿಂದ ಅಂಚಿನ ಜರಿಯನ್ನು ಚುಚ್ಚದೆ ಅದರ ಪಕ್ಕದ ಬರಿ ರೇಷ್ಮೆಯಲ್ಲಿ ಜಾಗ ಹುಡುಕಿ. ಶಿಫಾನ್ ಮತ್ತು ಟಿಶ್ಯೂ ಸೀರೆಗಳ ಮೇಲೆ ಹಳೆಯ ಬ್ರೋಚ್ ಬೇಡವೇ ಬೇಡ. ಚುಚ್ಚದೆ ಹಿಡಿಯುವ ಅಯಸ್ಕಾಂತದ ಜೋಡಣೆಗಳು ಸಿಗುತ್ತವೆ, ಆದರೆ ಪೇಸ್‌ಮೇಕರ್ ಇರುವವರು ಅವನ್ನು ಬಳಸಬಾರದು.

ಬ್ರೋಚ್ ಎಡಗಡೆಗೆ ಎಂಬುದು ಯುರೋಪಿನ ವಾಡಿಕೆ, ಸೆರಗು ಎಡ ಭುಜದ ಮೇಲೆ ಬರುವವರಿಗೆ ಅದು ತಾನಾಗಿ ಒದಗುತ್ತದೆ. ಕೊಡವ ಶೈಲಿಯಲ್ಲಿ ಉಡುವವರು ಸೆರಗನ್ನು ಎಡ ತೋಳಿನ ಕೆಳಗಿನಿಂದ ತಂದು ಬಲ ಭುಜದ ಮೇಲೆ ಸೇರಿಸಿ ಪಿನ್ ಮಾಡುವುದರಿಂದ ಅವರ ಬ್ರೋಚ್ ಬಲಗಡೆಗೇ ಸೇರಿದ್ದು, ಮತ್ತು ನನ್ನ ದೃಷ್ಟಿಯಲ್ಲಿ ಹಳೆಯ ಬ್ರೋಚ್ ಅತ್ಯಂತ ಚೆನ್ನಾಗಿ ಒಪ್ಪುವ ಉಡುಗೆಯೂ ಅದೇ. ಎಡವೋ ಬಲವೋ, ಕೈಚೀಲದ ಪಟ್ಟಿ ಮತ್ತು ಕಾರಿನ ಸೀಟ್ ಬೆಲ್ಟ್ ಯಾವ ಭುಜವನ್ನು ಉಜ್ಜುತ್ತವೆ ಎಂಬುದನ್ನು ಮೊದಲೇ ಯೋಚಿಸಿ. ಹರಳು ಉದುರುವುದು ಹೆಚ್ಚಾಗಿ ಅಲ್ಲಿಯೇ. ಎತ್ತಿಕೊಳ್ಳುವ ಮಗು ಜೊತೆಗಿದ್ದರೆ ಉದ್ದ ಸೂಜಿಯ ಬ್ರೋಚನ್ನು ಮನೆಯಲ್ಲೇ ಬಿಡಿ.

ಭುಜವೊಂದೇ ಜಾಗವಲ್ಲ. ಸೂಜಿಗೆ ತೊಡಿಸುವ ಚಿಕ್ಕ ಕೊಳವೆಯಂಥ ಜೋಡಣೆಯಿಂದ ಬ್ರೋಚ್ ಪದಕವಾಗುತ್ತದೆ. ಗಟ್ಟಿ ರಿಬ್ಬನ್ನಿಗೆ ಹಾಕಿ ತುರುಬಿಗೆ ಸುತ್ತಿದರೆ ಜಡೆಬಿಲ್ಲೆಯ ಸ್ಥಾನ ತುಂಬುತ್ತದೆ. ಗಂಡಸರು ಬಂದ್‌ಗಲಾ ಕೋಟಿನ ಎದೆಗೆ ಅಥವಾ ಮದುವೆಯ ಪೇಟಕ್ಕೆ ಧರಿಸಬಹುದು. 1930ರ ದಶಕದ ಡ್ರೆಸ್ ಕ್ಲಿಪ್‌ಗಳಿಗೆ ಸೂಜಿಯಿಲ್ಲ, ಒತ್ತಿ ಹಿಡಿಯುವ ಹಲ್ಲುಗಳಿರುತ್ತವೆ. ಅವು ಹತ್ತಿಯ ರವಿಕೆಯ ಕುತ್ತಿಗೆಯಂಚಿಗೆ ಸೊಗಸು, ರೇಷ್ಮೆಗೆ ಅಪಾಯ. ಕೋರೋ ಸಂಸ್ಥೆಯ ‘ಡುಯೆಟ್’ ಮಾದರಿಯಲ್ಲಿ ಇಂಥ ಎರಡು ಕ್ಲಿಪ್‌ಗಳು ಒಂದೇ ಚೌಕಟ್ಟಿಗೆ ಸೇರಿ ಒಂದು ಬ್ರೋಚ್ ಆಗುತ್ತವೆ.

ಬ್ರೋಚ್ ಏನನ್ನಾದರೂ ಹೇಳಲೂ ಬಲ್ಲುದು. ಇರಾಕಿನ ಪತ್ರಿಕೆಯೊಂದು ತನ್ನನ್ನು ಹಾವು ಎಂದು ಜರೆದ ಬಳಿಕ ಅಮೆರಿಕದ ರಾಜತಾಂತ್ರಿಕರಾಗಿದ್ದ ಮ್ಯಾಡೆಲೀನ್ ಆಲ್ಬ್ರೈಟ್ ಇರಾಕಿ ಅಧಿಕಾರಿಗಳ ಭೇಟಿಗೆ ಹಾವಿನ ಬ್ರೋಚನ್ನೇ ಧರಿಸಿ ಹೋದರು. ಅಂಥ ಉದ್ದೇಶವಿದ್ದಾಗ ಒಂದೇ ಬ್ರೋಚ್ ಧರಿಸಿ, ಕುತ್ತಿಗೆಯನ್ನು ಬರಿದಾಗಿ ಬಿಡುವುದು ಉತ್ತಮ.

ಶುಚಿಮಾಡುವುದು, ಕಾಪಾಡುವುದು

ನಮ್ಮ ಮನೆಗಳಲ್ಲಿ ಬೆಳ್ಳಿಗೆ ವಿಭೂತಿ, ಹಿತ್ತಾಳೆಗೆ ಹುಣಸೆಹಣ್ಣು ರೂಢಿ. ಹಳೆಯ ಬ್ರೋಚಿಗೆ ಇವೆರಡೂ ಶತ್ರು. ವಿಭೂತಿಯ ತಿಕ್ಕಾಟಕ್ಕೆ ಗಿಲೀಟು ಸವೆಯುತ್ತದೆ, ಮುದ್ರೆಯೂ ಮಾಸುತ್ತದೆ. ಹುಣಸೆಯ ಹುಳಿ ಹರಳಿನ ಸಂದಿಗೆ ಇಳಿದು ಒಳಗೇ ಉಳಿಯುತ್ತದೆ. ಗಾಜಿನ ಹರಳುಗಳ ಹಿಂದೆ ಹೊಳಪಿಗಾಗಿ ತೆಳ್ಳನೆಯ ಲೋಹದ ಲೇಪನವಿರುತ್ತದೆ. ಅದಕ್ಕೆ ನೀರು ತಗುಲಿದರೆ ಹರಳು ಕಪ್ಪಾಗಿ ‘ಸತ್ತು’ ಹೋಗುತ್ತದೆ, ಮತ್ತೆ ಹೊಳೆಯುವುದಿಲ್ಲ. ಹೀಗಾಗಿ ನೀರಿನಲ್ಲಿ ನೆನೆಹಾಕುವುದು, ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರಕ್ಕೆ ಕೊಡುವುದು ಎರಡೂ ಸಲ್ಲದು. ಒಣ ಮೆದು ಬ್ರಷ್ಷಿನಿಂದ ಧೂಳು ತೆಗೆದು, ಬೇಕಿದ್ದರೆ ತುಸುವೇ ಒದ್ದೆ ಮಾಡಿದ ಹತ್ತಿಯ ಕಡ್ಡಿಯಿಂದ ಒರೆಸಿ, ಹರಳು ಕೆಳಮುಖವಾಗಿರುವಂತೆ ಬಟ್ಟೆಯ ಮೇಲಿಟ್ಟು ಒಣಗಿಸಬೇಕು.

ಕೀಲಿನ ಬಳಿ ಹಸಿರು ಕಿಲುಬು ಕಂಡರೆ ಆ ಬ್ರೋಚನ್ನು ಕೂಡಲೇ ಉಳಿದವುಗಳಿಂದ ಬೇರೆ ಮಾಡಿ, ಮರದ ಹಲ್ಲುಕಡ್ಡಿಯಿಂದ ಕಿಲುಬನ್ನು ಕೆರೆದು ತೆಗೆಯಿರಿ. ಪರಿಮಳದ್ರವ್ಯ ಹಚ್ಚಿಕೊಳ್ಳುವುದನ್ನು ಬ್ರೋಚ್ ಧರಿಸುವ ಮೊದಲೇ ಮುಗಿಸಿ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಒಂದೊಂದನ್ನೂ ಬೇರೆ ಬೇರೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡಿ. ಸೆಲ್ಯುಲಾಯ್ಡ್ ಮಾತ್ರ ಗಾಳಿಯಾಡುವ ಜಾಗದಲ್ಲಿ ಒಂಟಿಯಾಗಿರಲಿ, ಅದು ಹಾಳಾಗತೊಡಗಿದರೆ ಹೊರಡುವ ಆವಿ ಪಕ್ಕದ ಲೋಹವನ್ನೂ ತಿನ್ನುತ್ತದೆ. ಉದುರಿದ ಹರಳನ್ನು ಸೂಪರ್‌ಗ್ಲೂನಿಂದ ಅಂಟಿಸಿದರೆ ಸುತ್ತ ಬಿಳಿ ಮಂಜು ಕವಿಯುತ್ತದೆ. ಒಡವೆಗೆಂದೇ ಇರುವ ಎಪಾಕ್ಸಿ ಅಂಟನ್ನು ಸೂಜಿಮೊನೆಯಷ್ಟು ಬಳಸಿ. ಕೊಕ್ಕೆ ಸಡಿಲವಾಗಿದ್ದರೆ ಅಕ್ಕಸಾಲಿಗರು ಹೊಸದನ್ನು ಬೆಸೆದುಕೊಡಲು ಮುಂದಾಗುತ್ತಾರೆ, ಆದರೆ ಹರಳಿರುವ ಒಡವೆಗೆ ಆ ಬೆಂಕಿಯೇ ಕೇಡು. ‘ಸಿ’ ಕೊಕ್ಕೆಯ ಸೂಜಿಯ ತುದಿಗೆ ಚಿಕ್ಕ ರಬ್ಬರ್ ತಿರುಪು ಸಿಕ್ಕಿಸಿದರೂ ಸಾಕಾಗುತ್ತದೆ. ಬದಲಿಸಲೇಬೇಕಾಗಿ ಬಂದರೆ ತೆಗೆದ ಭಾಗವನ್ನು ಅದೇ ಬ್ರೋಚಿನ ಜೊತೆ ಪೊಟ್ಟಣ ಕಟ್ಟಿಡಿ.

ಮಗಳಿಗೋ ಸೊಸೆಗೋ ಕೊಡಲೆಂದು ವಿದೇಶಕ್ಕೆ ಒಯ್ಯುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ನೂರು ವರ್ಷ ತುಂಬಿದ ಕಲಾಕೃತಿ ಮತ್ತು ಕುಶಲ ವಸ್ತುಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪುರಾವಸ್ತುಗಳಾಗುತ್ತವೆ, ಮತ್ತು ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಬ್ರೋಚ್ ನೂರರ ಒಳಗಿನದು ಎಂಬುದು ಮುದ್ರೆಯಿಂದ ಸ್ಪಷ್ಟವಾಗದಿದ್ದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದು, ಮುಖ ಮತ್ತು ಬೆನ್ನು ಎರಡರ ಚಿತ್ರಗಳೊಂದಿಗೆ ಕೈಚೀಲದಲ್ಲೇ ಇಟ್ಟುಕೊಂಡು ಹೊರಡುವುದು ಕ್ಷೇಮ.